ಚಪ್ಪಲಿಯೊಳಗೆ ಕೈ ಹಾಕಿ ನೋಡುವ ಹುದ್ದೆ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಚಪ್ಪಲಿ ಕೋಣೆಗೆ ತಾವು ಹಾಕಿಸಿದ ಬೀಗ ತೆಗೆಸಬೇಕೆಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಉತ್ತರವಿಲ್ಲ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸೇಡಂ ರಸ್ತೆಯ ಕುಷ್ಠರೋಗ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಚಪ್ಪಲಿ ಹೊಲಿದವನು ನಾನು. ಅದಕ್ಕೂ ಮೊದಲು ಅಲ್ಲಿಯ ರೋಗಿ.

ಆ ಕೋಣೆಯನ್ನು ತಾವು ನಮ್ಮ ಡಾಕ್ಟರಬಾಯಿಯವರ ಸ್ಮಾರಕ ಮಾಡಿದ್ದೀರಿ. ಗಾಜಿನ ಪೆಟ್ಟಿಗೆಯಲ್ಲಿ ಅವರ ಕನ್ನಡಕ, ಗೋಡೆಯ ಮೇಲೆ ಫೋಟೊ, ಅದಕ್ಕೆ ಗಂಧದ ಹಾರ. ಮೂವತ್ತನೆಯ ವಯಸ್ಸಿಗೆ ನಾರ್ವೆಯಿಂದ ಬಂದು, ಮಿಷನ್ನಿನವರು ಕೊಟ್ಟ ಜೀಪಿನಲ್ಲಿ ಚಿಂಚೋಳಿಯ ತಾಂಡಾಗಳಿಂದ ವಾಡಿಯ ಕಲ್ಲುಗಣಿಗಳವರೆಗೆ ಜನರ ಅಂಗಾಲು ನೋಡುತ್ತ ತಿರುಗಿದವರು ಅವರು. ಮೂವತ್ತಾರು ವರ್ಷಗಳಲ್ಲಿ ತಮ್ಮ ದೇಶಕ್ಕೆ ಹೋಗಿದ್ದು ಮೂರೇ ಸಲ. ಹೆತ್ತವ್ವ ಸತ್ತ ಸುದ್ದಿ ಬಂದ ದಿನವೂ ಮಧ್ಯಾಹ್ನದವರೆಗೆ ರೋಗಿಗಳ ಹುಣ್ಣು ತೊಳೆದರು, ಆಮೇಲೆ ಅತ್ತರು. ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ನನ್ನನ್ನು ಕೈ ಹಿಡಿದು ಕರೆತಂದವರೂ ಅವರೇ. ಮುಪ್ಪಿನಲ್ಲಿ ಊರಿಗೆ ಮರಳಿ, ಹೋದ ವರ್ಷ ಅಲ್ಲೇ ತೀರಿಕೊಂಡರು. ಸ್ಮಾರಕದ ಉದ್ಘಾಟನೆಯಲ್ಲಿ ತಾವು ಅವರನ್ನು ದೇವತೆ ಎಂದಿರಿ. ದೇವತೆ ಮಾಡಿಬಿಟ್ಟರೆ ಒಂದು ಅನುಕೂಲವಿದೆ, ಅವರು ಹೇಳಿದ್ದನ್ನು ಕೇಳಬೇಕಾಗಿಲ್ಲ.

ಅವರು ಹೇಳಿದ್ದು ಬಹಳವೇನಲ್ಲ. ಈ ರೋಗದಲ್ಲಿ ಅಂಗಾಲು ಜಡವಾಗಿರುತ್ತದೆ, ಚುಚ್ಚಿದ್ದು ತಿಳಿಯುವುದಿಲ್ಲ. ಆದ್ದರಿಂದ ಚಪ್ಪಲಿಗೆ ಮೊಳೆ ಹೊಡೆಯಬಾರದು, ಮೆತ್ತನೆಯ ರಬ್ಬರು ಹೊಲಿಯಬೇಕು, ಕೊಡುವ ಮುಂಚೆ ಸ್ಪರ್ಶ ತಿಳಿಯುವವರೊಬ್ಬರು ಒಳಗೆಲ್ಲ ಸವರಿ ನೋಡಬೇಕು. ನನ್ನ ಬೆರಳುಗಳಿಗೆ ಸ್ಪರ್ಶವಿಲ್ಲ. "ನರಸಪ್ಪ, ನಿನ್ನ ಕೈ ಹೊಲೀಲಿ. ನೋಡೋ ಕೆಲಸ ನನ್ನ ಕೈಗಿ ಬಿಡು," ಎನ್ನುತ್ತಿದ್ದರು. ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ ಆ ಕೆಲಸ ಶಹಾಬಾದಿನ ರಮಾಬಾಯಿಗೆ ಬಂತು. ತಾವು ಅಧಿಕಾರ ವಹಿಸಿಕೊಂಡ ವಾರವೇ ಕಡತ ನೋಡಿ ನಕ್ಕಿರಿ. "ಚಪ್ಪಲ್‌ದಾಗ ಕೈ ಹಾಕಿ ನೋಡ್ಲಿಕ್ಕಿ ಒಂದು ಪೋಸ್ಟ್ ಏನ್ರಿ?" ನಗುವ ಮಾತೇ, ಒಪ್ಪುತ್ತೇನೆ. ರಮಾಬಾಯಿ ಮನೆಗೆ ಹೋದಳು. ಸಿದ್ಧ ಚಪ್ಪಲಿಗಳು ಪೆಟ್ಟಿಗೆಗಟ್ಟಲೆ ಬಂದವು. ಹಂಚುವ ಕೆಲಸ ನನ್ನ ಪಾಲಿಗೆ ಬಂತು.

ಗುಂಡಗುರ್ತಿಯ ಲಾಲಮ್ಮನಿಗೆ ಒಂದು ಜೋಡಿ ಕೊಟ್ಟವನು ನಾನೇ. ಕೊಡುವ ಮುಂಚೆ ಒಳಗೆ ಕೈ ಹಾಕಿ ಸವರಿದೆ. ಏನೂ ತಗಲಲಿಲ್ಲ. ನನ್ನ ಕೈಗೆ ತಗಲುವುದೇ ಇಲ್ಲವೆಂಬುದು ಆ ಹೊತ್ತಿಗೆ ಮರೆತುಹೋಗಿತ್ತು. "ಛಲೋ ಅದ ಯವ್ವಾ, ಹಾಕ್ಕೊ," ಎಂದೆ. ಆರನೆಯ ದಿನ ಗುಳಿಗೆಗೆಂದು ಬಂದಳು. ವರಾಂಡದ ಉದ್ದಕ್ಕೂ ಅವಳ ಹಿಂದೆ ರಕ್ತದ ಕಲೆ. ತಿರುಗಿ ನೋಡಿ ಅವಳೇ ಮರುಗಿದಳು, "ಅಯ್ಯ ಪಾಪ, ಯಾರ ಕಾಲಿಗಿ ಪೆಟ್ಟು ಹತ್ತ್ಯದೋ ನೋಡ್ರಿ." ಎಡ ಚಪ್ಪಲಿಯ ಹಿಮ್ಮಡಿಯಲ್ಲಿ ಮೊಳೆಯ ತುದಿ ಜೋಳದ ಕಾಳಿನಷ್ಟು ಎದ್ದಿತ್ತು.

ಹುಣ್ಣು ಎಲುಬಿಗಿಳಿಯಿತು. ಎರಡು ತಿಂಗಳ ಔಷಧಕ್ಕೂ ಜಗ್ಗಲಿಲ್ಲ. ಹೋದ ಶುಕ್ರವಾರ ಕಲಬುರಗಿಯಲ್ಲಿ ಮೊಣಕಾಲಿನ ಕೆಳಗೆ ಆ ಕಾಲು ತೆಗೆದರು. ನೋಡಲು ಹೋದರೆ ನನಗೇ ಸಮಾಧಾನ ಹೇಳಿದಳು, "ಮಾರಿ ಯಾಕ ಸಪ್ಪಗ ಮಾಡ್ಕೊಂಡಿ? ನನಗೇನ್ ನೋವಾಗಿಲ್ಲೋ." ನನಗೂ ಆಗುತ್ತಿಲ್ಲ, ಮಾನ್ಯರೇ. ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು, ಎರಡೂ ಬರುತ್ತಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ. ತಪ್ಪು ನನ್ನದೂ ಹೌದೆಂದು ಗೊತ್ತಿದೆ. ತಮಗೆ ತಮ್ಮದು ಗೊತ್ತೇ?

ಸ್ಮಾರಕ ಬೇರೆಲ್ಲಾದರೂ ಇರಲಿ. ಕೋಣೆ ತೆರೆಸಿ, ರಮಾಬಾಯಿಯನ್ನು ಮರಳಿ ಕರೆಸಿ, ಹಂಚಿದ ಜೋಡಿಗಳನ್ನೆಲ್ಲ ಇವತ್ತೇ ವಾಪಸ್ ತರಿಸಿ. ಇದಕ್ಕೆ ಮೇಲಿನವರ ಒಪ್ಪಿಗೆ ಬೇಕೆನ್ನುವಿರಾದರೆ, ಅದು ಬರುವ ತನಕ ಇಷ್ಟು ಮಾಡಿ. ಒಳಗಿನ ಕಪಾಟಿನಲ್ಲಿ ಪ್ರತಿ ರೋಗಿಯ ಪಾದದ ಅಚ್ಚನ್ನು ಹೆಸರು ಬರೆದು ಇಟ್ಟಿದ್ದೇವೆ. ಲಾಲಮ್ಮನದನ್ನು ಯಾರ ಕೈಯಲ್ಲಾದರೂ ಕಳಿಸಿ, ಮನೆಯಲ್ಲೇ ಕುಳಿತು ಹೊಲಿಯುತ್ತೇನೆ. ಬಲಗಾಲಿನದೊಂದೇ ಸಾಕು.

ಇಂತಿ,
ತಮ್ಮ ಭಾಷಣಕ್ಕೆ ಎಲ್ಲರೊಡನೆ ಚಪ್ಪಾಳೆ ತಟ್ಟಿದ
ನರಸಪ್ಪ