ನಿಮ್ಮಪ್ಪ ಬೆಸೆದ ತಂತಿ

ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ನನ್ನ ಮುಂಗೋಪಿ ಮಗಳೇ,

ಫೋನ್ ಕೈಗೆಟುಕುವಲ್ಲೇ ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಇಲ್ಲಿ ಪೂರ್ತಿ ನನ್ನದೇ ಮಾತು.

ಹೋದ ತಿಂಗಳು ಬಂದವಳು ನಿಮ್ಮಪ್ಪನ ಆಂಪ್ಲಿಫೈಯರ್‌ಗೆ ಹೊಸ ಜೀವ ಕೊಟ್ಟು ಹೋದೆ. ಊದಿಕೊಂಡಿದ್ದ ಕೆಪಾಸಿಟರ್‌ಗಳನ್ನು ಕಿತ್ತು ಹೊಸವು ಹಾಕಿದೆ, ಒಣಗಿ ಬಿರುಕುಬಿಟ್ಟಿದ್ದ ಒಳಗಿನ ವೈರುಗಳನ್ನು ಬದಲಿಸಿದೆ, ತಿರುಗಿಸಿದರೆ ಕರಕರ ಅನ್ನುತ್ತಿದ್ದ ವಾಲ್ಯೂಮನ್ನೂ ಹೊಸದು ಮಾಡಿದೆ. ಊಟದ ಮೇಜಿನ ತುಂಬ ಸ್ಕ್ರೂಗಳು, ಮನೆಯ ತುಂಬ ಬೆಸುಗೆಯ ಹೊಗೆ. ನಿಮ್ಮಪ್ಪ ತೀರಿಹೋದ ಮೇಲೆ ಆ ವಾಸನೆ ನಮ್ಮ ಮನೆಯಲ್ಲಿ ಎದ್ದದ್ದು ಅದೇ ಮೊದಲು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಅದರ ನೆಪದಲ್ಲಿ ಒಂದಿಷ್ಟು ಅತ್ತೂ ಬಿಟ್ಟೆ.

ಆಗಲೇ ನೀನು ಜೋರಾಗಿ ನಕ್ಕದ್ದು. ಅಪ್ಪ ಎರಡು ರೆಸಿಸ್ಟರ್, ಒಂದು ತುಂಡು ತಂತಿ ಇಟ್ಟು ಎಡದ ದನಿಯನ್ನೂ ಬಲದ ದನಿಯನ್ನೂ ಒಂದಕ್ಕೊಂದು ಬೆಸೆದುಬಿಟ್ಟಿದ್ದಾರೆ, ಒಳ್ಳೆಯ ಸ್ಟೀರಿಯೋ ಸೆಟ್ಟಿನ ಕಥೆ ಮುಗಿಸಿದ್ದಾರೆ, ಊರವರ ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿದವರು ಮನೆಯದರಲ್ಲೇ ಇಂಥ ಎಡವಟ್ಟು ಮಾಡಿದ್ದಾರಲ್ಲ ಎಂದೆ. ಆ ತಂತಿಯನ್ನು ಕತ್ತರಿಸಿ ಬಿಸಾಡಿದೆ. ಆಮೇಲೆ ಹಾಡು ಹಾಕಿ, ಈಗ ಹೇಗಿದೆಯಮ್ಮಾ ಎಂದು ಕೇಳಿದೆ. ತುಂಬ ಚೆನ್ನಾಗಿದೆ ಎಂದು ನಾನು ತಲೆಯಾಡಿಸಿದೆ.

ಚೆನ್ನಾಗಿರಲಿಲ್ಲ. ನಿಮ್ಮಪ್ಪ ಮಾಡಿದ್ದು ಎಡವಟ್ಟೂ ಅಲ್ಲ. ಅದನ್ನು ನಿನಗೆ ತಿಳಿಸಬೇಕಾದರೆ ಇದುವರೆಗೆ ಮುಚ್ಚಿಟ್ಟದ್ದನ್ನು ಹೇಳಲೇಬೇಕು. ನನಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು. ಗೊತ್ತಾದರೆ ಯಾರೂ ನಿನ್ನನ್ನು ಮದುವೆಯಾಗುವುದಿಲ್ಲ ಎಂದು ನಿಮ್ಮಜ್ಜಿ ನನ್ನ ಬಾಯಿ ಕಟ್ಟಿದಳು. ಮದುವೆಯಾದ ಮೇಲೂ ಹೇಳಲು ನಾಚಿಕೆ.

ಮೊದಮೊದಲು ನಿಮ್ಮಪ್ಪನಿಗೆ ನಾನು ಜಂಬದವಳು ಅನ್ನಿಸಿತ್ತಂತೆ. ರಸ್ತೆಯಲ್ಲಿ ಜೊತೆಗೆ ನಡೆಯುವಾಗ ಅವರು ಏನೋ ಹೇಳುವುದು, ನಾನು ಹೂಂ ಇಲ್ಲ, ಉಹೂಂ ಇಲ್ಲ. ಒಂದು ಸಂಜೆ ಎಡಗಡೆಯಿಂದ ಸೈಕಲ್ಲೊಂದು ಗಂಟೆ ಬಾರಿಸುತ್ತ ಮೈಮೇಲೇ ಬಂತು. ನಾನು ಸರಿಯಲಿಲ್ಲ. ಅವರು ರಟ್ಟೆ ಹಿಡಿದು ಎಳೆದುಕೊಂಡರು. ಅವತ್ತಿನಿಂದ ನನ್ನ ಬಲಗಡೆಗೆ ಬಂದು ನಡೆಯತೊಡಗಿದರು.

ಆ ವಾರವೇ ಅವರು ಸೆಟ್ಟಿನ ಮುಚ್ಚಳ ಬಿಚ್ಚಿದ್ದು. ನಿನಗೇ ಗೊತ್ತಲ್ಲ, ಒಂದು ಸ್ಪೀಕರ್ ಎಡಕ್ಕೆ ದೂರದಲ್ಲಿ, ಬಾಗಿಲ ಹತ್ತಿರ, ಇನ್ನೊಂದು ನನ್ನ ಕುರ್ಚಿಯ ಬಲಕ್ಕೆ. ಅವರು ಬೆಸೆದ ಮೇಲೆ ಇಡೀ ಹಾಡು ನನ್ನ ಪಕ್ಕದ್ದಕ್ಕೇ ಬಂತು. ನನಗೆ ಬಾಯಿಪಾಠವಾಗಿದ್ದ ಹಾಡು ಅದು. ಇದರಲ್ಲಿ ಕೊಳಲೂ ಇದೆಯಾ ಎಂದು ಕೇಳಿದೆ. ಇವತ್ತು ಸೇರಿಸಿದೆ ಎಂದರು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ಆ ಕ್ಷಣದ ಸುಖವನ್ನು ನಾನು ಈಗಲೂ ಮರೆತಿಲ್ಲ ಕಣೇ.

ಯಾರಿಗೂ ಹೇಳಬೇಡಿ ಎಂದಿದ್ದೆ. ಹೇಳಲಿಲ್ಲ. ಅವರ ರಿಪೇರಿ ಅಂಗಡಿಯ ಗೆಳೆಯರು ಬಂದು ಕೂತು, ಇದೇನು ಮಾರಾಯ, ಎರಡೂ ಕಡೆ ಒಂದೇ ದನಿ ಎಂದು ಕಾಲೆಳೆದರೆ, ನನ್ನ ಕೈಗೆ ಬರೋದೇ ಇಷ್ಟು ಎಂದು ತಾವೂ ನಗುತ್ತಿದ್ದರು. ಕೈ ಹಿಡಿದು ಬೆಸುಗೆ ಕಲಿಸಿದ ಮಗಳಿಗೂ ಬಾಯಿ ಬಿಡಲಿಲ್ಲ. ಅವರೆಲ್ಲ ನಕ್ಕಾಗ ನಾನು ಕಾಫಿ ಸೋಸುತ್ತ ಸುಮ್ಮನಿದ್ದೆ. ನೀನೂ ನಕ್ಕೆಯಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ.

ಇನ್ನೊಂದು ಮಾತು. ಚಿಕ್ಕವಳಿದ್ದಾಗ ನೀನು, ಅಮ್ಮನಿಗೆ ಅಣ್ಣನೇ ಮೇಲು, ಎಡಗಡೆ ಮಲಗಿದ ನನ್ನ ಕಥೆಗೆ ಹೂಂಗುಟ್ಟುವುದೇ ಇಲ್ಲ ಎಂದು ರಂಪ ಮಾಡುತ್ತಿದ್ದೆ. ಈಗ ಅರ್ಥವಾಯಿತೇ? ನಿನ್ನ ಅಣ್ಣ ಬೇಗ ಬಂದು ಬಲಗಡೆಯ ಜಾಗ ಹಿಡಿಯುತ್ತಿದ್ದ, ಅಷ್ಟೇ.

ಈಗ ಯುಗಳಗೀತೆ ಹಾಕಿದರೆ ಹೆಂಗಸು ನನ್ನ ಪಕ್ಕದಲ್ಲಿ ಬಾಯ್ತುಂಬ ಹಾಡುತ್ತಾಳೆ, ಗಂಡಸು ಅಲ್ಲೆಲ್ಲೋ ಬಾಗಿಲ ಹತ್ತಿರ ಗೊಣಗುತ್ತಾನೆ, ಥೇಟ್ ನಿಮ್ಮಪ್ಪ ಪೇಪರ್ ಓದುವಾಗಿನ ಹಾಗೆ. ಕುರ್ಚಿ ಸರಿಸಿಯೂ ನೋಡಿದೆ. ಕಿಟಕಿಯ ಬೆಳಕು ತಪ್ಪಿತೇ ಹೊರತು ಹಾಡು ಸಿಗಲಿಲ್ಲ. ನೀನು ಹಾಕಿದ್ದೆಲ್ಲ ಹಾಗೇ ಇರಲಿ, ದನಿ ನಿಜಕ್ಕೂ ತಿಳಿಯಾಗಿದೆ. ಆ ಒಂದು ತಂತಿ ಮಾತ್ರ ಮತ್ತೆ ಬೆಸೆದುಕೊಡು. ಅವಸರವೇನಿಲ್ಲ, ನಿನ್ನ ಅಂಗಡಿಯ ಕೆಲಸ ನೋಡಿಕೊಂಡು ಬಿಡುವಾದಾಗ ಬಾ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ. ಅವರು ಕೆಲಸ ಬಲ್ಲವರು.

ಮುಚ್ಚಿಟ್ಟು ಸುಸ್ತಾದ
ನಿನ್ನ ಅಮ್ಮ

ತಾ.ಕ.: ಅವಸರವೇನಿಲ್ಲ ಎಂದದ್ದು ಸುಳ್ಳು. ಮೊನ್ನೆ ಕಿವಿ ಡಾಕ್ಟರರ ಹತ್ತಿರ ಹೋಗಿದ್ದೆ. ಬಲಗಿವಿಯೂ ಮಂಕಾಗುತ್ತಿದೆ, ಇನ್ನು ಹೆಚ್ಚು ದಿನ ಅದನ್ನು ನಂಬಿಕೊಂಡಿರಬೇಡಿ ಎಂದರು. ಈ ವಾರವೇ ಹೊರಟು ಬಾ. ತಂತಿ ಆಮೇಲೆ ಬೆಸೆದರಾಯಿತು, ಮೊದಲು ನನ್ನ ಬಲಗಡೆ ಕೂತು ಏನಾದರೂ ಮಾತಾಡು. ನಿನ್ನ ದನಿಯನ್ನು ಚೆನ್ನಾಗಿ ಕೇಳಿಟ್ಟುಕೊಳ್ಳಬೇಕು.