ಹಿಂದಿನ ಸೀಟಿನ ಬಿಸಿ

ಬರ್ನ್ಲಿ, ಜನವರಿ ೧೪

ಬಸ್ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ,

ಹೊಸ ಎಲೆಕ್ಟ್ರಿಕ್ ಬಸ್ಸುಗಳಿಗಾಗಿ ಅಭಿನಂದನೆಗಳು. ಭೂಮಿ ತಂಪಾಯಿತೋ ಇಲ್ಲವೋ ಕಾಣೆ, ನನ್ನ ಹೆಂಡತಿ ನೋರೀನ್ ಮಾತ್ರ ನಡುಗುತ್ತಿದ್ದಾಳೆ.

ಗ್ಯಾಸಿನ ದರ ಏರಿದ ಮೇಲೆ ನಾವು ಮನೆ ಬೆಚ್ಚಗಿಡುವ ಹೀಟರ್ ಆರಿಸಿ, ಹಿರಿಯರ ಉಚಿತ ಪಾಸು ಹಿಡಿದು, ಒಂಬತ್ತೂವರೆಯಿಂದ ಸಂಜೆಯವರೆಗೆ ನಿಮ್ಮ ಡೀಸೆಲ್ ಬಸ್ಸಿನ ಹಿಂದಿನ ಸೀಟಿನಲ್ಲೇ ಸಂಸಾರ ಹೂಡಿದ್ದೆವು. ಕೆಳಗಿನ ಎಂಜಿನ್ನಿನ ಬಿಸಿಗೆ ಅವಳ ಸೆಟೆದ ಬೆರಳುಗಳು ಸಡಿಲಗೊಂಡು ಹೆಣಿಗೆಯೂ ಸಾಗುತ್ತಿತ್ತು.

“ಇವತ್ತೆಲ್ಲಿಗೆ ಸವಾರಿ, ಅಜ್ಜಿ?” ಎಂದು ಡ್ರೈವರ್ ಕ್ಲೈವ್ ದಿನಾ ಕೆಣಕುತ್ತಿದ್ದ.

“ಮೊಣಕಾಲು ಬಿಸಿಯಾಗೋವರೆಗೆ ಕಣೋ, ನೀನು ಸುಮ್ನೆ ಓಡಿಸು!” ಎನ್ನುತ್ತಿದ್ದಳು ಇವಳು.

ಹೊಸ ಬಸ್ಸಿನ ಹಿಂದಿನ ಸೀಟು ಚರ್ಚಿನ ಬೆಂಚಿನಷ್ಟು ತಣ್ಣಗಿದೆ. ಈ ವಾರ ಅವಳ ಕೋಟಿನ ಗುಂಡಿಗಳನ್ನು ನಾನೇ ಹಾಕುತ್ತಿದ್ದೇನೆ.

ಹಳೆಯ ಡೀಸೆಲ್ ಬಸ್ಸು ಇನ್ನೂ ಯಾವ ಮಾರ್ಗದಲ್ಲಿ ಓಡುತ್ತಿದೆ ಎಂದು ದಯವಿಟ್ಟು ತಿಳಿಸಿ. ಅದು ಎಲ್ಲಿಗೆ ಹೋದರೂ ನಮಗೆ ಅಲ್ಲೇ ಕೆಲಸವಿದೆ.

ಇಂತು ತಮ್ಮ ಖಾಯಂ ಪ್ರಯಾಣಿಕ,
ವಿಲ್ಫ್ರೆಡ್ ಆರ್ಮರಾಡ್