ಏಳನೆಯ ಹಲಗೆ

ಸೂರ್,
ರಜಬ್ ೧೨, ೧೩೯೮

ಪ್ರೀತಿಯ ಶಮ್ಸಕ್ಕನಿಗೆ,

ನಿನ್ನ ತಮ್ಮ ಖಲ್ಫಾನ್ ಮಾಡುವ ಸಲಾಂ. ನೀನೂ ಪುಟ್ಟ ಮೌಜಾಳೂ ಮಸೀರಾ ದ್ವೀಪದಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಬರೆದು ಎರಡು ತಿಂಗಳಾಯಿತು, ಬೈಯಬೇಡ. ಮದರಸದಲ್ಲಿ ನಾಲ್ಕೇ ವರ್ಷ ಕೂತವನ ಕೈಗೆ ಬಾಚಿಗಿಂತ ಲೇಖನಿಯೇ ಭಾರ.

ಈ ಸಲದ ಬಿರುಗಾಳಿಗೆ ರಾಸ್ ಅಲ್ ಹದ್‌ನ ಕಡಲದಂಡೆಯ ಮರಳು ಸರಿದು, ಆರು ವರ್ಷದ ಹಿಂದೆ ಭಾವನನ್ನೂ ಇನ್ನೂ ಹನ್ನೊಂದು ಜನರನ್ನೂ ನುಂಗಿಕೊಂಡು ಮುಳುಗಿದ ನಮ್ಮ ‘ಮುಬಾರಕಾ’ ಮೇಲೆ ಬಂತು. ಅಪ್ಪ ಮತ್ತು ನಾನು ಕಟ್ಟಿದ ಹಡಗು ಪಕ್ಕೆಲುಬು ತೋರಿಸಿಕೊಂಡು ಮಲಗಿತ್ತು. ಹಲಗೆಗಳ ಮೇಲೆ ಅಪ್ಪ ಕೆತ್ತಿದ ಅಂಕಿಗಳು ಹಾಗೇ ಇದ್ದವು. ನಾನು ಚಪ್ಪಲಿ ಬಿಟ್ಟು ನಿಂತುಬಿಟ್ಟೆ.

ಮರ ಸಾಗಿಸಲು ಒಂಟೆ ತಂದಿದ್ದ ಮುದುಕ ಜುಮಾ ನಕ್ಕ. ‘ಏನೋ ಖಲ್ಫಾನ್, ಹಡಗಿಗೂ ನಾಚ್ಕೊಳ್ತೀಯಾ? ಹೆಣ್ಣು ನೋಡೋಕೆ ಬಂದೋನ ಥರ ನಿಂತಿದ್ದೀಯಲ್ಲ!’ ಆಮೇಲೆ ಅವನೇ ಅಡಿಮರವನ್ನು ತಡವಿ ತಡವಿ, ‘ಬಂಡೆ ಬಡಿದ ಗಾಯ ಒಂದೂ ಇಲ್ವಲ್ಲೋ’ ಎಂದ. ಭಾವ ಚುಕ್ಕಾಣಿ ಹಿಡಿದೇ ನಿದ್ದೆ ಹೋದ, ಬಂಡೆಗೆ ಬಡಿಸಿದ ಎಂದು ಊರಿಗೆಲ್ಲ ಸಾರಿದವನು ಇವನೇ. ಆ ಮಾತು ತಾಳದೆ ತಾನೇ ನೀನು ಊರು ಬಿಟ್ಟದ್ದು?

ಹಡಗು ಸಿಕ್ಕ ಸುದ್ದಿ ಕೇಳಿ ನೀನು, ಭಾವನ ಬಟ್ಟೆ ಇಡಲು ಆ ಮರದ್ದೇ ಪೆಟ್ಟಿಗೆ ಬೇಕೆಂದು ಬರೆದಿದ್ದೆಯಲ್ಲ. ಮುಗಿದಿದೆ. ಹಲಗೆಗಳನ್ನು ಸಿಹಿನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದೆ. ಹೊರಗೆಲ್ಲ ಬೂದಿಬಣ್ಣ, ಹುಳು ಕೊರೆದ ತೂತು. ಕೀಸುಳಿ ಎಳೆದದ್ದೇ ತಡ, ಒಳಗಿನಿಂದ ಜೇನಿನ ಬಣ್ಣ! ಅಕ್ಕಾ, ಆರು ವರ್ಷ ಉಪ್ಪುನೀರು ಕುಡಿದ ತೇಗ ಕಡಿದ ದಿನದಂತೆ ಘಮ್ಮೆಂದಿತು. ಮೊಳೆ ಕಿತ್ತರೆ, ಹೊಡೆಯುವ ಮುನ್ನ ಎಣ್ಣೆಯಲ್ಲಿ ಅದ್ದಿ ಸುತ್ತಿದ್ದ ಹತ್ತಿ ಇನ್ನೂ ಮೆತ್ತಗಿತ್ತು. ಕಬ್ಬಿಣಕ್ಕೆ ತುಕ್ಕು ಸೋಕಿರಲಿಲ್ಲ. ಇದನ್ನು ನಮ್ಮ ಕೈಗಳು ಮಾಡಿದವೇ ಎಂದು ಕೆಲಸ ಬಿಟ್ಟು ಕೂತೆ.

ಅಪ್ಪ ಮಾತ್ರ ಎಡಬದಿಯ ಏಳನೆಯ ಹಲಗೆ ತೋರಿಸಿ, ‘ಇದನ್ನ ಒಲೆಗೆ ಹಾಕೋ ಮಗಾ, ಯಾರಿಗೂ ತೋರಿಸ್ಬೇಡ’ ಎಂದರು. ನಾನು ಅದನ್ನೇ ಮುಚ್ಚಳಕ್ಕೆ ಹಾಕಿದ್ದೇನೆ.

ಪೆಟ್ಟಿಗೆಯೊಳಗೆ ಮೌಜಾಳಿಗೆ ಹಲ್ವಾ ಇದೆ. ಅವಳ ಆಯಸ್ಸು ಈ ತೇಗದಷ್ಟು ಗಟ್ಟಿಯಾಗಲಿ. ಅಲ್ಲಾಹನು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಮ್ಮ,
ಖಲ್ಫಾನ್

ಇದು ಮರೆತು ಉಳಿದ ಮಾತಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮುಚ್ಚಳದ ಒಳಬದಿಗೆ ಕೈಯಾಡಿಸು. ಮೂರು ಬೆರಳು ಹಿಡಿಸುವ ಕರಿಯ ತೂತು ಸಿಗುತ್ತದೆ. ಅಲ್ಲಿನ ಮೊಳೆಗೆ ಹತ್ತಿ ಸುತ್ತಿರಲಿಲ್ಲ. ಬರಿಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೆಲ್ಲ ತಿಂದಿದೆ. ನೀರು ನುಗ್ಗಿದ್ದು ಅಲ್ಲಿಂದ. ಬಲಬದಿಯ ಮೊಳೆಗಳು ಅಪ್ಪನವು, ಎಡಬದಿಯವು ನನ್ನವು. ಆ ಮೊಳೆ ಹೊಡೆಯುವಾಗ ನಿನ್ನ ಮದುವೆಯ ಡೋಲು ಕೇಳಿಸುತ್ತಿತ್ತು. ನನಗೆ ಓಡಿಬರುವ ಅವಸರ.

ಭಾವ ನಿದ್ದೆ ಹೋಗಿರಲಿಲ್ಲ ಅಕ್ಕಾ. ಈ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೆದುರು ಹೇಳುತ್ತೇನೆ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಆದರೂ ಹೇಳುತ್ತೇನೆ. ಇನ್ನು ಮುಂದೆ ನೀನು ನನ್ನನ್ನು ತಮ್ಮ ಎನ್ನದಿದ್ದರೂ ಪೆಟ್ಟಿಗೆಯನ್ನು ಇಟ್ಟುಕೋ. ಇದರ ಒಂದೊಂದು ಮೊಳೆಗೂ ಹತ್ತಿ ಸುತ್ತಿದ್ದೇನೆ.